ಹಳದಿ ಇಳಿದ ಎರಡು ದಿನ

ಲಿವರ್ ಐಸಿಯುಗೆ ಹೊಸದಾಗಿ ಸೇರಿದ ಟೆಕ್ನಿಷಿಯನ್‌ಗಳು ಆಗಾಗ ನನ್ನನ್ನು ನೋಡಲು ಹೈದರಾಬಾದಿನ ಮೆಹದಿಪಟ್ಟಣಂ ಮನೆಗೆ ಬರುತ್ತಾರೆ. ಚಹಾ ಮುಗಿಯುವುದರೊಳಗೆ ಒಬ್ಬರಾದರೂ ಕೇಳೇ ಕೇಳುತ್ತಾರೆ, ಯಾವ ಅಲಾರ್ಮಿಗೆ ಹೆಚ್ಚು ಹೆದರಬೇಕು ಅಂತ. ಅಲಾರ್ಮಿಗೆ ಹೆದರಬೇಡಿ ಎನ್ನುತ್ತೇನೆ ನಾನು. ಯಂತ್ರ ಕೂಗಿಕೊಂಡರೆ ಏನೋ ಕೆಟ್ಟಿದೆ ಎಂದು ನಿಮಗೆ ಗೊತ್ತಾಗುತ್ತದೆ, ನಾಲ್ಕು ಜನ ಓಡಿ ಬರುತ್ತಾರೆ. ಯಾವ ಸದ್ದೂ ಇಲ್ಲದೆ, ಎಲ್ಲ ಅಂಕಿ ಸರಿಯಾಗಿದ್ದು, ಎಲ್ಲರೂ ನಗುತ್ತಿರುವಾಗ ಆಗುವ ತಪ್ಪು ಬೇರೆ. ಅಂಥದೊಂದನ್ನು ನಾನು ಮಾಡಿದ್ದೇನೆ. ಅದನ್ನು ಬರೆದಿಡಬೇಕೆಂದೇ ಈ ಹಾಳೆ ಹಿಡಿದಿದ್ದು.

ಇಪ್ಪತ್ತೊಂಬತ್ತು ವರ್ಷ ಡಯಾಲಿಸಿಸ್ ಯಂತ್ರಗಳ ಪಕ್ಕದಲ್ಲಿ ನಿಂತವಳು ನಾನು. ಅದರಲ್ಲಿ ಕೊನೆಯ ಹದಿನಾಲ್ಕು ವರ್ಷ ಲಿವರ್ ಐಸಿಯುನಲ್ಲಿ. ಬಡ್ತಿ, ಶಾಲು, ಹಾರದ ಮಾತು ಇಲ್ಲಿ ಬೇಡ, ಅವುಗಳಿಂದ ನೀವು ಕಲಿಯುವುದೇನೂ ಇಲ್ಲ. ಇನ್ನೊಂದು ವಿಷಯ ಮೊದಲೇ ಹೇಳಿಬಿಡುತ್ತೇನೆ: ನಾನು ಹುಟ್ಟಾ ಅಂಜುಬುರುಕಿ. ಮನೆ ಬಿಡುವ ಮುಂಚೆ ಗ್ಯಾಸಿನ ಗುಂಡಿಯನ್ನು ಮೂರು ಸಲ ನೋಡದಿದ್ದರೆ ನನಗೆ ಸಮಾಧಾನವಿಲ್ಲ. ನಮ್ಮ ಯಜಮಾನರು ಬಾಲಾನಗರದ ಒಂದು ಎಂಜಿನಿಯರಿಂಗ್ ವರ್ಕ್ಸ್‌ನಲ್ಲಿದ್ದರು. "ಬೀಗ ಜಗ್ಗಿ ಜಗ್ಗಿ ಒಂದಿನ ಬಾಗಿಲಾನೇ ಕೈಯಾಗ ಬರತೈತಿ ನೋಡು" ಎಂದು ಕಾಡುತ್ತಿದ್ದರು. ಆದರೆ ಈ ಕೆಲಸಕ್ಕೆ ಅಂಜಿಕೆ ಒಳ್ಳೆಯದೇ. ಪೈಪಿನ ಒಂದೊಂದು ಕ್ಲಿಪ್ಪನ್ನೂ ನಾನು ಎರಡು ಸಲ ಮುಟ್ಟಿ ನೋಡುತ್ತಿದ್ದೆ. ಕೈ ತಪ್ಪು ಮಾಡಿದ್ದು ಕಡಿಮೆ, ಬಾಯಿ ಮಾಡಿತು.

ನಮ್ಮ ಯಂತ್ರ ಏನು ಮಾಡುತ್ತದೆ ಎಂಬುದನ್ನು ಮೊದಲು ಸರಿಯಾಗಿ ತಿಳಿದುಕೊಳ್ಳಿ. ಕೃತಕ ಲಿವರ್ ಎಂದು ಪತ್ರಿಕೆಯವರು ಬರೆಯುತ್ತಾರೆ. ಹೆಸರು ಕೇಳಿದರೆ ಪ್ಲಾಸ್ಟಿಕ್ಕಿನ ಲಿವರನ್ನು ಹೊಟ್ಟೆಯೊಳಗೆ ಕೂಡಿಸಿಬಿಟ್ಟಂತೆ ಅನಿಸುತ್ತದೆ. ಅಂಥದ್ದೇನೂ ಇಲ್ಲ. ಲಿವರ್ ಕೆಟ್ಟಾಗ ರಕ್ತದಲ್ಲಿ ವಿಷ ಸೇರುತ್ತದೆ. ಕಣ್ಣು ಹಳದಿಯಾಗುತ್ತದೆ, ತಲೆ ಮಂಕಾಗುತ್ತದೆ, ಮನುಷ್ಯ ಹೆಂಡತಿಯ ಹೆಸರು ಮರೆಯುತ್ತಾನೆ. ನಮ್ಮ ಯಂತ್ರ ಆ ರಕ್ತವನ್ನು ಹೊರಗೆ ತಂದು ತೊಳೆದು ಮತ್ತೆ ಒಳಗೆ ಕಳಿಸುತ್ತದೆ. ಅಷ್ಟೇ. ಮನೆಯ ಗೃಹಿಣಿ ಜ್ವರದಿಂದ ಮಲಗಿದ ದಿನ ಪಕ್ಕದ ಮನೆಯಾಕೆ ಬಂದು ಪಾತ್ರೆಯಷ್ಟೇ ತೊಳೆದುಕೊಟ್ಟು ಹೋದ ಹಾಗೆ. ಅಡುಗೆ, ಮಕ್ಕಳು, ನೀರು ಎಲ್ಲ ಹಾಗೇ ಬಿದ್ದಿರುತ್ತವೆ. ಬೇರೆಯವರ ಲಿವರ್ ಸಿಗುವವರೆಗೆ, ಇಲ್ಲವೇ ಇವರದೇ ಲಿವರ್ ಎದ್ದು ಕೂರುವವರೆಗೆ, ಒಂದೊಂದೇ ದಿನ ನೂಕುವುದು ನಮ್ಮ ಕೆಲಸ.

ಶುರುವಿನಲ್ಲಿ ಕಂಪನಿಯ ಕಿಟ್ಟೂ ಇರಲಿಲ್ಲ, ಮಣ್ಣೂ ಇರಲಿಲ್ಲ. ಕಿಡ್ನಿ ರೋಗಿಗಳಿಗೆ ಬಳಸುವ ಅದೇ ಯಂತ್ರ, ತೊಳೆಯುವ ದ್ರವಕ್ಕೆ ಆಲ್ಬುಮಿನ್ ಬೆರೆಸಿಕೊಂಡು ನಾವೇ ನಡೆಸುತ್ತಿದ್ದೆವು. ಆಲ್ಬುಮಿನ್ ಎಂದರೆ ರಕ್ತದಲ್ಲಿರುವ ಒಂದು ಪ್ರೋಟೀನು. ವಿಷ ಅದಕ್ಕೆ ಅಂಟಿಕೊಂಡು ಹೊರಗೆ ಬರುತ್ತದೆ. ಮೊದಲ ದಿನ ನಾನು ಆ ಬಾಟಲಿಗಳನ್ನು ಚೆನ್ನಾಗಿ ಬೆರೆಯಲಿ ಎಂದು ಕೆಮ್ಮಿನ ಔಷಧ ಕುಲುಕಿದ ಹಾಗೆ ಕುಲುಕಿದೆ. ಕ್ಷಣದಲ್ಲಿ ಬಾಟಲಿ ತುಂಬ ಬೆಳ್ಳಗೆ ನೊರೆ. ನಮ್ಮ ಲಿವರ್ ವಿಭಾಗದ ಮುಖ್ಯಸ್ಥೆ ಬಂದು ನಿಂತರು. ಅವರನ್ನು ನಾವೆಲ್ಲ ಬರೀ ಮೇಡಂ ಎನ್ನುತ್ತಿದ್ದೆವು. ವಾರಂಗಲ್ ಕಡೆಯವರು, ದನಿ ಎತ್ತುತ್ತಿರಲಿಲ್ಲ. ನೊರೆ ನೋಡಿ ತೆಲುಗಿನಲ್ಲಿ, "ಏಮ್ಮಾ ಗಿರಿಜಾ, ಬಟ್ಟೆ ಒಗೆಯೋದಕ್ಕೆ ಇಟ್ಟಿದ್ದೀಯಾ?" ಎಂದರಷ್ಟೇ. ಅಷ್ಟೂ ಬಾಟಲಿ ಚೆಲ್ಲಿದೆವು. ರೋಗಿ ಒಂದು ತಾಸು ಹೆಚ್ಚು ಕಾಯಬೇಕಾಯಿತು.

ಇನ್ನೊಂದು ಸಲ, ತಲೆ ಮಂಕು ಮಾಡುವ ಅಮೋನಿಯಾ ಎಷ್ಟಿದೆ ಎಂಬ ಪರೀಕ್ಷೆಗೆ ರೋಗಿಯ ರಕ್ತ ಲ್ಯಾಬಿಗೆ ಒಯ್ಯುವ ಕೆಲಸ ನನ್ನ ಪಾಲಿಗೆ ಬಂತು. ಆ ರಕ್ತವನ್ನು ಐಸಿನಲ್ಲಿಟ್ಟು ಓಡಬೇಕು, ಇಲ್ಲದಿದ್ದರೆ ಅಂಕಿ ತಾನಾಗಿ ಏರುತ್ತದೆ. ಅದು ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಗೊತ್ತಿತ್ತು, ಐಸು ಹುಡುಕಲು ಬೇಸರವಾಗಿತ್ತು. ಲಿಫ್ಟಿನ ಮುಂದೆ ಹತ್ತು ನಿಮಿಷ ನಿಂತೆ, ಲ್ಯಾಬಿನ ಕಿಟಕಿಯಲ್ಲಿ ಇನ್ನಷ್ಟು ಹೊತ್ತು. ಬಂದ ಅಂಕಿ ನೋಡಿ ಐಸಿಯು ಎಲ್ಲ ಗಡಿಬಿಡಿಯಾಯಿತು, ರೋಗಿಗೆ ಉಸಿರಿನ ಕೊಳವೆ ಹಾಕಲು ತಯಾರಿಯೂ ಆಯಿತು. ಮೇಡಂ ಮಾತ್ರ ರೋಗಿಯ ಹತ್ತಿರ ಹೋಗಿ, ಅವನು ತನ್ನ ಊರಿನ ಹೆಸರು ಹೇಳುವುದನ್ನು ಕೇಳಿ, ನನ್ನ ಕಡೆ ತಿರುಗಿ "ಐಸು?" ಎಂದರು. ಮರುದಿನದಿಂದ ನಮ್ಮ ಮನೆಯ ಸ್ಟೀಲ್ ಟಿಫಿನ್ ಡಬ್ಬಿಯೊಂದು ಐಸು ತುಂಬಿಕೊಂಡು ಆಸ್ಪತ್ರೆಯಲ್ಲೇ ಉಳಿಯಿತು.

ಆಮೇಲೆ ಇದ್ದಿಲು ಮತ್ತು ರಾಳ ತುಂಬಿದ ಕೊಳವೆಗಳ ದೊಡ್ಡ ಯಂತ್ರ ಬಂತು. ಜೋಡಿಸಲು ಅರ್ಧ ದಿನ ಬೇಕು, ಒಂದು ಗುಳ್ಳೆ ಉಳಿದರೂ ಮತ್ತೆ ಮೊದಲಿನಿಂದ. ಅದೂ ಹಿಂದೆ ಸರಿದು, ಕೊನೆಕೊನೆಗೆ ನಾವು ಹೆಚ್ಚಾಗಿ ಮಾಡುತ್ತಿದ್ದುದು ಪ್ಲಾಸ್ಮಾ ಬದಲಾವಣೆ. ರೋಗಿಯ ರಕ್ತದಿಂದ ನೀರಿನಂಶವನ್ನು, ಅಂದರೆ ಪ್ಲಾಸ್ಮಾವನ್ನು, ಬೇರೆ ಮಾಡಿ ಚೀಲಕ್ಕೆ ಬಿಡುವುದು, ಅದರ ಜಾಗಕ್ಕೆ ರಕ್ತನಿಧಿಯಿಂದ ತಂದ ಒಳ್ಳೆಯ ಪ್ಲಾಸ್ಮಾ ಕೊಡುವುದು. ಈ ಕೆಲಸ ನಡೆಯುವಾಗ ರೋಗಿಯ ಕ್ಯಾಲ್ಸಿಯಂ ಇಳಿಯುತ್ತದೆ. ಎಚ್ಚರವಿದ್ದವರಿಗೆ ತುಟಿ ಜುಮುಜುಮು ಎನ್ನುತ್ತದೆ, ಕೇಳಿದರೆ ಹೇಳುತ್ತಾರೆ. ಎಚ್ಚರವಿಲ್ಲದವರು ಏನು ಹೇಳಿಯಾರು? ಅವರ ಎದೆಯ ಗೆರೆ ಓಡುವ ಪರದೆಯಿಂದ ಕಣ್ಣು ಕೀಳದೆ ನಾಲ್ಕೈದು ತಾಸು ನಿಲ್ಲಬೇಕು. ಹೊರಬಂದ ಪ್ಲಾಸ್ಮಾ ತುಂಬಿದ ಚೀಲ ಮಾತ್ರ ಯಾರ ಕಣ್ಣಿಗಾದರೂ ಬೀಳುತ್ತದೆ. ಅರಿಶಿನ ಕಲಸಿದ ನೀರಿನಂತೆ ಗಾಢ ಹಳದಿ ಬಣ್ಣ ಅದರದು. ಹೊರಗಿನ ಗಾಜಿನ ಕಿಟಕಿಯಿಂದ ಮನೆಯವರು ಅದನ್ನೇ ನೋಡುತ್ತ ನಿಲ್ಲುತ್ತಿದ್ದರು.

ಹೈದರಾಬಾದಿನ ಆಸ್ಪತ್ರೆಯಲ್ಲಿ ಕನ್ನಡದವರು ಕಡಿಮೆ ಬರುತ್ತಾರೆ ಎಂದುಕೊಳ್ಳಬೇಡಿ. ರಾಯಚೂರು, ಯಾದಗಿರಿ, ಕಲಬುರಗಿಯಿಂದ ಬೆಂಗಳೂರಿಗಿಂತ ಇದೇ ಹತ್ತಿರ. ಅವರು ಡಾಕ್ಟರರ ಹತ್ತಿರ ಹಿಂದಿಯಲ್ಲೋ ತೆಲುಗಿನಲ್ಲೋ ಅಳತೆ ಮಾಡಿ ಮಾತಾಡುತ್ತಿದ್ದರು. ನಾನು ರಾಯಚೂರ ಕಡೆಯವಳು ಎಂದು ಗೊತ್ತಾದ ಕೂಡಲೇ ಎಲ್ಲ ನನ್ನ ಮುಂದೆ ಬಿಚ್ಚುತ್ತಿದ್ದರು. ಕಾಮಾಲೆಗೆ ಯಾರೋ ಕೊಟ್ಟ ಸೊಪ್ಪಿನ ರಸ ಕುಡಿಸಿದ್ದನ್ನು ಡಾಕ್ಟರರಿಗೆ ಮುಚ್ಚಿಟ್ಟು ನನಗೆ ಹೇಳಿದವರು ಎಷ್ಟೋ ಜನ. ನಾನು ಓಡಿಹೋಗಿ ಮೇಡಂಗೆ ಹೇಳುತ್ತಿದ್ದೆ, ಅದರಿಂದ ಚಿಕಿತ್ಸೆಗೆ ಉಪಯೋಗವೂ ಆಗುತ್ತಿತ್ತು. ಆದರೆ ಮೇಡಂ ಒಂದು ಕಟ್ಟಪ್ಪಣೆ ಮಾಡಿದ್ದರು: ಒಳಗಿನ ಅಂಕಿಯನ್ನು ಹೊರಗಿನವರಿಗೆ ಹೇಳುವುದು ಡಾಕ್ಟರರು ಮಾತ್ರ. ಟೆಕ್ನಿಷಿಯನ್ ಕೇಳಬಹುದು, ಹೇಳಬಾರದು. ಇದು ನಮ್ಮನ್ನು ಕೆಳಗಿಡುವ ಮಾತು ಎಂದು ನಾನು ಬಹಳ ದಿನ ಒಳಗೊಳಗೇ ಉರಿದಿದ್ದೇನೆ.

ವೀರೇಶ ಬಂದದ್ದು ಒಂದು ಸೋಮವಾರ. ಬೇಗಂ ಬಜಾರಿನಲ್ಲಿ ಅಪ್ಪ ಮಗ ಸೇರಿ ಸ್ಟೀಲ್ ಪಾತ್ರೆಯ ಅಂಗಡಿ ನಡೆಸುತ್ತಿದ್ದರು. ಮೂಲ ಲಿಂಗಸುಗೂರ ಕಡೆಯವರು. ಅವನಿಗೆ ಮೂವತ್ನಾಲ್ಕು ವರ್ಷ. ಎರಡು ವಾರದ ಕಾಮಾಲೆ ಒಮ್ಮೆಲೇ ತಲೆಗೇರಿತ್ತು. ಹಾಸಿಗೆಯ ಅಂಚು ಹಿಡಿದು ಯಾರಿಗೋ ಪಾತ್ರೆಯ ದರ ಹೇಳುತ್ತಿದ್ದ, ಎದುರಿಗಿದ್ದ ಅಪ್ಪನನ್ನು ಗಿರಾಕಿ ಎಂದುಕೊಂಡಿದ್ದ. ಅಪ್ಪ ಶಿವಪ್ಪನವರು ಅರವತ್ತು ದಾಟಿದವರು, ಬಿಳಿ ಅಂಗಿ, ಹೆಗಲ ಮೇಲೆ ಟವೆಲು. ಮಗನ ಬಾಯಿಗೆ ಕೈ ಅಡ್ಡ ಹಿಡಿದು "ಆತೋ ಯಪ್ಪಾ, ಆತು, ಅಂಗಡಿ ಬಂದ್ ಮಾಡೋಣು" ಎನ್ನುತ್ತಿದ್ದರು.

ಕಸಿಯಾಗದೆ ಈತ ಉಳಿಯುವುದಿಲ್ಲ ಎಂದು ಮೇಡಂ ಅದೇ ದಿನ ಹೇಳಿದರು. ಸತ್ತವರಿಂದ ಸಿಗುವ ಲಿವರಿಗಾಗಿ ಹೆಸರು ಬರೆಸಿದ್ದಾಯಿತು, ಆದರೆ ಅದು ಯಾವಾಗ ಸಿಗುತ್ತದೆ ಎಂದು ಯಾರು ಹೇಳಬಲ್ಲರು? ಮನೆಯವರೊಬ್ಬರು ತಮ್ಮ ಲಿವರಿನ ತುಂಡು ಕೊಡಬೇಕು. ಅಪ್ಪನಿಗೆ ವಯಸ್ಸಾಗಿತ್ತು, ಹೆಂಡತಿ ಬಸುರಿ. ಉಳಿದವಳು ತಂಗಿ ನೀಲಾ. ರಕ್ತದ ಗುಂಪೂ ಕೂಡಿತು. ಅವಳನ್ನು ಬಾಲಾನಗರಕ್ಕೆ ಕೊಟ್ಟಿದ್ದರು. ಮದುವೆಯಾದ ಹೆಣ್ಣುಮಗಳ ಹೊಟ್ಟೆ ಕೊಯ್ಯಬೇಕೆಂದರೆ ಗಂಡನ ಮನೆಯವರು ಹೂಂ ಅನ್ನಬೇಕು. ಕಾಯಿದೆಗಿಂತ ನಮ್ಮ ಜನದ ರೀತಿ ಅದು. ಶಿವಪ್ಪನವರು ಬೀಗರ ಮನೆಗೆ ಹೋಗಿ ಕೈಮುಗಿದು ಒಪ್ಪಿಸಿಕೊಂಡು ಬಂದರು. ಗುರುವಾರ ಬೆಳಿಗ್ಗೆ ಆಪರೇಷನ್ ಎಂದು ನಿಗದಿಯಾಯಿತು. ನೀಲಾಳ ಪರೀಕ್ಷೆಗಳು ನಡೆಯತೊಡಗಿದವು, ಅವಳ ಅತ್ತೆ ಎಲ್ಲ ಕಡೆ ಹಿಂದೆಯೇ ಇರುತ್ತಿದ್ದರು.

ಸೋಮವಾರ ಮೊದಲ ಪ್ಲಾಸ್ಮಾ ಬದಲಾವಣೆ ಮಾಡಿದೆವು, ಮಂಗಳವಾರ ಎರಡನೆಯದು. ಎರಡೂ ನನ್ನ ಕೈಯಲ್ಲೇ ನಡೆದವು. ಒಂದು ಗುಳ್ಳೆಯಿಲ್ಲ, ಒಂದು ಅಲಾರ್ಮಿಲ್ಲ. ಮಂಗಳವಾರ ಸಂಜೆ ನಾನು ವೀರೇಶನ ತೋಳಿನ ಪಟ್ಟಿ ಬಿಚ್ಚುತ್ತಿದ್ದಾಗ ಅವನು ಕಣ್ಣು ಬಿಟ್ಟು, "ಅಕ್ಕಾರ, ನಮ್ಮ ಅಪ್ಪ ಊಟ ಮಾಡ್ಯಾನೇನ್ರೀ?" ಎಂದು ಕೇಳಿದ. ನನಗೆ ಎಷ್ಟು ಸಂತೋಷವಾಯಿತೆಂದರೆ ಕೈಯ ಗವಸು ತೆಗೆಯುವುದನ್ನೂ ಮರೆತು ಹೊರಗೆ ಹೋದೆ.

ಹೊರಗೆ ಶಿವಪ್ಪನವರು ಬೆಂಚಿನ ಮೇಲೆ ಕೂತಿದ್ದರು, ಅವರ ಪಕ್ಕದಲ್ಲಿ ನೀಲಾ, ನೀಲಾಳ ಅತ್ತೆ. ನನ್ನನ್ನು ಕಂಡು ಶಿವಪ್ಪನವರು ಎದ್ದು ನಿಂತರು.

"ಹ್ಯಾಂಗ ಅದಾನ್ರೀ ಅಕ್ಕಾರ? ಡಾಕ್ಟರ್ ಏನೇನೋ ಹೇಳತಾರ, ನನ್ನ ತಲಿಗಿ ಹತ್ತವಲ್ದು. ನಮ್ಮ ಕಡೆಯವರು ನೀವು, ನೀವರ ಹೇಳ್ರಿ."

"ನಿಮ್ಮ ಮಗ ನಿಮ್ಮನ್ನ ಕೇಳಿದ್ರೀ ಕಾಕಾರ. ಊಟ ಮಾಡ್ಯಾನೇನು ಅಂದ್ರು."

ಅವರು ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು. ಅಷ್ಟಕ್ಕೆ ನಾನು ಸುಮ್ಮನಿದ್ದಿದ್ದರೆ ಈ ಬರಹವೇ ಬೇಕಾಗಿರಲಿಲ್ಲ. ದೊಡ್ಡ ಮನುಷ್ಯರೊಬ್ಬರು ಹಾಗೆ ಅಳುವುದನ್ನು ನೋಡಲಾಗದೆ ನನ್ನ ಬಾಯಿ ಮುಂದುವರಿಯಿತು.

"ಅಳಬ್ಯಾಡ್ರಿ. ಇಪ್ಪತ್ತೆಂಟಿದ್ದ ಕಾಮಾಲಿ ಹನ್ನೊಂದಕ್ಕ ಇಳದೈತಿ. ನೀವ ನೋಡಿದ್ರೆಲ್ಲಾ ಆ ಚೀಲಾ? ಹಳದಿ ಎಲ್ಲಾ ಹೊರಗ ಬರಾಕತ್ತೈತಿ. ಭಾಳ ಛಲೋ ಆಗ್ಯಾರ್ರಿ, ಅಂಜಬ್ಯಾಡ್ರಿ."

ನೀಲಾಳ ಅತ್ತೆ, "ಖರೇನ ತಂಗೀ? ಮಿಷನ್ನಿನಿಂದ ಇಷ್ಟು ಇಳೀತಾ?" ಎಂದು ಕೇಳಿದರು. ಹೂಂ ಎಂದೆ. ಹೆಮ್ಮೆಯಿಂದ ಎಂದೆ, ಆ ಮಿಷನ್ನು ನಡೆಸಿದವಳು ನಾನಲ್ಲವೇ. ಆವತ್ತು ಮನೆಗೆ ಹೋಗುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತೆಂದು ಕೂಡ ಖುಷಿಪಟ್ಟಿದ್ದು ನೆನಪಿದೆ.

ಬುಧವಾರ ಬೆಳಿಗ್ಗೆ ಎಂಟು ಗಂಟೆಗೆ ನೀಲಾ ಕೊನೆಯ ಸ್ಕ್ಯಾನಿಗೆ ಬರಬೇಕಿತ್ತು, ಬರಲಿಲ್ಲ. ಒಂಬತ್ತಾಯಿತು. ಅವಳ ಫೋನು ಬಂದ್. ಮೇಡಂ ಶಿವಪ್ಪನವರನ್ನು ಒಳಗೆ ಕರೆಸಿದರು, ನಾನೂ ಅಲ್ಲೇ ಇದ್ದೆ. ಅವರು ನೆಲ ನೋಡುತ್ತ ಹಿಂದಿಯಲ್ಲಿ ಹೇಳಿದರು: ಬೀಗರು ನಿನ್ನೆ ಸಂಜೆಯೇ ಸೊಸೆಯನ್ನು ಮನೆಗೆ ಕರೆದುಕೊಂಡು ಹೋಗಿದ್ದಾರೆ. ಯಂತ್ರದಿಂದಲೇ ಗುಣವಾಗುವಾಗ ಎಳೆಯ ಹೆಣ್ಣುಮಗಳ ಹೊಟ್ಟೆ ಯಾಕೆ ಕೊಯ್ಯಬೇಕು ಎಂದು ಕೇಳುತ್ತಿದ್ದಾರೆ. ತಮಗೂ ಅವರ ಮಾತು ತಪ್ಪು ಅನಿಸಲಿಲ್ಲ, ಇನ್ನೆರಡು ದಿನ ಮಿಷನ್ ಹಾಕಿ ನೋಡಬಹುದಲ್ಲ ಎಂದರು. ಮೇಡಂ ತಾಳ್ಮೆಯಿಂದ, ಗುಣವಾಗುತ್ತಿದೆ ಎಂದು ನಿಮಗೆ ಹೇಳಿದವರು ಯಾರು ಎಂದು ಕೇಳಿದರು. ಶಿವಪ್ಪನವರು ನನ್ನ ಕಡೆ ಕೈ ತೋರಿಸಿದರು. ದೂರುವ ಕೈಯಲ್ಲ ಅದು. ಕೃತಜ್ಞತೆಯಿಂದ ತೋರಿಸಿದರು.

ಅವರು ಹೊರಗೆ ಹೋದ ಮೇಲೆ ಮೇಡಂ ಒಂದು ಹಾಳೆಯನ್ನು ನನ್ನ ಮುಂದೆ ತಳ್ಳಿದರು. ಬೆಳಗಿನ ರಿಪೋರ್ಟು. ಹನ್ನೊಂದಿದ್ದ ಕಾಮಾಲೆಯ ಅಂಕಿ ಹತ್ತೊಂಬತ್ತಾಗಿತ್ತು. ಹಾಗಾಗುತ್ತದೆಂದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ನೂರಾರು ಸಲ ನೋಡಿದ್ದೆ. ಸಂಜೆ ತೊಳೆದದ್ದು ಬೆಳಿಗ್ಗೆಗೆ ಮತ್ತೆ ತುಂಬುತ್ತದೆ, ಯಾಕೆಂದರೆ ಲಿವರ್ ಏನೂ ಮಾಡುತ್ತಿಲ್ಲ. ಅದನ್ನು ಅವರಿಗೆ ಹೇಳಲಿಲ್ಲ, ಅಷ್ಟೇ. ಅರ್ಧ ಹೇಳಿದ್ದೆ, ಸಿಹಿಯಾದ ಅರ್ಧ.

"ನಾನು ಹೋಗಿ ಕರೆದುಕೊಂಡು ಬರುತ್ತೇನೆ ಮೇಡಂ" ಎಂದೆ.

ಅವರು ತಲೆ ಅಲ್ಲಾಡಿಸಿದರು. ತೆಲುಗಿನಲ್ಲಿ ಅವರು ಹೇಳಿದ್ದನ್ನು ನಾನು ಇಂದಿಗೂ ಮರೆತಿಲ್ಲ. ಕೊಡುವವಳು ತಾನಾಗಿ ಕೊಡಬೇಕು ಗಿರಿಜಾ. ಬಾ ಎಂದು ನೀನು ಕರೆಯುವ ಹಾಗಿಲ್ಲ, ಕಣ್ಣೀರು ಹಾಕುವ ಹಾಗಿಲ್ಲ, ಅಣ್ಣ ಸಾಯುತ್ತಾನೆ ಎಂದು ಹೆದರಿಸುವ ಹಾಗೂ ಇಲ್ಲ. ನೀನು ಹೇಳಿದ್ದು ತಪ್ಪಾಗಿತ್ತಲ್ಲ, ಆ ಮಾತನ್ನು ಮಾತ್ರ ಹಿಂದಕ್ಕೆ ತೆಗೆದುಕೊಂಡು ಬಾ.

ಮೂರನೆಯ ಸಲದ ಯಂತ್ರವನ್ನು ಜೊತೆಯವರಿಗೆ ಒಪ್ಪಿಸಿ ಮಧ್ಯಾಹ್ನ ಬಾಲಾನಗರಕ್ಕೆ ಹೋದೆ. ನಮ್ಮ ಯಜಮಾನರ ಕಾರ್ಖಾನೆಯ ಹಿಂದಿನ ಗಲ್ಲಿಗಳೇ ಅವು, ಆದರೂ ಎರಡು ಸಲ ದಾರಿ ತಪ್ಪಿದೆ. ಮನೆ ಸಿಕ್ಕಾಗ ನೀಲಾ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ನನ್ನ ದನಿ ಕೇಳಿದ್ದೇ ಬಡಿಯುವ ಸದ್ದು ನಿಂತಿತು. ಅತ್ತೆ ಒಳ್ಳೆಯ ಹೆಂಗಸು, ಅದನ್ನು ಹೇಳಲೇಬೇಕು. ಚಾಪೆ ಹಾಸಿ ಚಹಾ ಕೊಟ್ಟರು, ಬಿಸಿಲಾಗ ಯಾಕ ಬಂದಿ ತಂಗೀ ಎಂದು ಉಪಚರಿಸಿದರು.

"ಅವ್ವಾರ, ನಿನ್ನಿ ನಾ ಹೇಳಿದ್ದು ತಪ್ಪೈತ್ರಿ. ಹನ್ನೊಂದಕ್ಕ ಇಳದಿದ್ದು ಖರೇ. ಮುಂಜಾನಿ ಮತ್ತ ಹತ್ತೊಂಬತ್ತಾಗೈತಿ. ಮಿಷನ್ ಬರೇ ತೊಳೀತೈತ್ರಿ, ಲಿವರ್ ಮಾಡೋ ಕೆಲಸ ಅದಕ್ಕ ಬರಂಗಿಲ್ಲ."

"ದಿನಾ ತೊಳೀರಿ ಹಂಗಾರ."

"ಭಾಳ ದಿನ ನಡಿಯಂಗಿಲ್ರಿ ಅದು."

ಅವರು ನನ್ನ ಎದುರಿಗೆ ಬಂದು ಕೂತರು. "ನಿನ್ನಿ ಛಲೋ ಆಗ್ಯಾನ ಅಂದಿ. ಇವತ್ತ ಇಲ್ಲ ಅಂತಿ. ನಾಳಿ ಏನಂತಿ ತಂಗೀ?"

ನಾನು ಚಹಾದ ಲೋಟ ಕೆಳಗಿಟ್ಟೆ. ಅವರೇ ಮುಂದುವರಿಸಿದರು.

"ಅಕಿಗಿ ಎರಡು ವರ್ಷದ ಕೂಸೈತಿ. ನನ್ನ ಸೊಸಿಗಿ ಏನೂ ಆಗಂಗಿಲ್ಲ ಅಂತ ಬರದು ಕೊಡತೀಯೇನು?"

ಏನೂ ಆಗಂಗಿಲ್ರಿ ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು. ನುಂಗಿಕೊಂಡೆ. "ಇಲ್ರಿ ಅವ್ವಾರ. ಹಂಗ ಯಾರೂ ಬರದು ಕೊಡಂಗಿಲ್ಲ" ಎಂದೆ. ನೀಲಾ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು, ಕೈಗೆ ಹಿಟ್ಟು ಮೆತ್ತಿತ್ತು. ಬಾ ಎಂದು ಕರೆಯಬಾರದೆಂದು ನಾನು ನನ್ನ ಕಣ್ಣನ್ನು ಕೂಡ ಅವಳ ಕಡೆಯಿಂದ ತಿರುಗಿಸಿಕೊಂಡೆ. ಚಹಾ ಅರ್ಧಕ್ಕೇ ಬಿಟ್ಟು ಹೊರಟೆ. ಮನೆ ಸೇರುವವರೆಗೂ ಬಸ್ಸಿನಲ್ಲಿ, ಹೇಳಿದ್ದು ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬ ಒಂದೇ ಯೋಚನೆ ತಲೆಯಲ್ಲಿ ತಿರುಗುತ್ತಿತ್ತು.

ಗುರುವಾರ ಬೆಳಿಗ್ಗೆ ಆಪರೇಷನ್ ಆಗಬೇಕಿದ್ದ ಹೊತ್ತಿಗೆ ನಾವು ನಾಲ್ಕನೆಯ ಸಲ ಯಂತ್ರ ಹಾಕಿದೆವು. ಪ್ರತಿಸಲ ಲಿಫ್ಟಿನ ಬಾಗಿಲು ತೆರೆದಾಗಲೂ ನಾನು ಗಾಜಿನ ಆಚೆ ನೋಡುತ್ತಿದ್ದೆ. ಮಧ್ಯಾಹ್ನ ನಾಲ್ಕಕ್ಕೆ ನೀಲಾ ಬಂದಳು. ಜೊತೆಗೆ ಅತ್ತೆ, ಅವರ ಕಂಕುಳಲ್ಲಿ ಕೂಸು. ಗಂಡ ಕಾಗದಗಳಿಗೆ ರುಜು ಹಾಕಲು ಬಂದಿದ್ದ. ಮೇಡಂ ಅವಳೊಬ್ಬಳನ್ನೇ ಒಳಗೆ ಕರೆದು ಬಾಗಿಲು ಹಾಕಿಕೊಂಡು ಬಹಳ ಹೊತ್ತು ಮಾತಾಡಿದರು, ಯಾರ ಒತ್ತಾಯವೂ ಇಲ್ಲವೆಂದು ಖಚಿತ ಮಾಡಿಕೊಂಡರು. ಬಿಟ್ಟುಹೋದ ಸ್ಕ್ಯಾನು, ಒಪ್ಪಿಗೆಯ ಸಮಿತಿ ಎಲ್ಲ ಶುಕ್ರವಾರ ಮುಗಿದವು. ಆಪರೇಷನ್ ಶನಿವಾರ ಬೆಳಿಗ್ಗೆ ಎಂದಾಯಿತು. ನಾನು ಶುಕ್ರವಾರ ಇಡೀ ದಿನ ವೀರೇಶನ ಹತ್ತಿರ ಹೋದಾಗಲೆಲ್ಲ ಅವನ ಹೆಸರು ಕೇಳುತ್ತಿದ್ದೆ. ಬೆಳಿಗ್ಗೆ ಹೇಳಿದ. ಮಧ್ಯಾಹ್ನ ತಡವಾಗಿ ಹೇಳಿದ. ಸಂಜೆ ಕಣ್ಣು ಬಿಟ್ಟು ನೋಡಿದ, ಹೇಳಲಿಲ್ಲ.

ಶನಿವಾರ ನಾನು ಡ್ಯೂಟಿಗೆ ಮುಂಚೆಯೇ ಹೋದೆ. ಮೇಡಂ ಅವನ ಕಣ್ಣಿಗೆ ಟಾರ್ಚು ಬಿಟ್ಟು ನೋಡುತ್ತಿದ್ದರು. ಎರಡು ಕಣ್ಣಿನ ಪಾಪೆ ಒಂದೇ ಅಳತೆಯಲ್ಲಿರಲಿಲ್ಲ. ಸ್ಕ್ಯಾನಿಗೆ ಒಯ್ದರು. ಮಿದುಳು ಬಾತುಕೊಂಡಿತ್ತು. ಇನ್ನು ಹೊಸ ಲಿವರ್ ಹಾಕಿಯೂ ಪ್ರಯೋಜನವಿಲ್ಲ, ಒಬ್ಬಳ ಹೊಟ್ಟೆ ಸುಮ್ಮನೆ ಕೊಯ್ದಂತಾಗುತ್ತದೆ. ಆಪರೇಷನ್ ನಿಲ್ಲಿಸಿದರು.

ನೀಲಾ ಆಗಲೇ ಹಸಿರು ಗೌನು ಹಾಕಿಕೊಂಡು, ತಾಳಿ ಬಳೆ ಬಿಚ್ಚಿ ಅತ್ತೆಯ ಕೈಗೆ ಕೊಟ್ಟು, ಗಾಲಿ ಮಂಚದ ಮೇಲೆ ಕೂತಿದ್ದಳು. ಮೇಡಂ ಹೊರಗೆ ಬಂದು ಶಿವಪ್ಪನವರಿಗೆ ಹಿಂದಿಯಲ್ಲಿ ಎಲ್ಲವನ್ನೂ ಮೆಲ್ಲಗೆ, ಬಿಡಿಸಿ ಹೇಳಿದರು. ಬೇಗಂ ಬಜಾರಿನಲ್ಲಿ ಮೂವತ್ತು ವರ್ಷ ವ್ಯಾಪಾರ ಮಾಡಿದ ಮನುಷ್ಯನಿಗೆ ಹಿಂದಿ ಬರುವುದಿಲ್ಲವೇ? ಎಲ್ಲ ಅರ್ಥವಾಗಿತ್ತು. ಆದರೂ ನನ್ನ ಕಡೆ ತಿರುಗಿದರು.

"ಅಕ್ಕಾರ, ಅವರು ಹೇಳೂದು ಬಿಡ್ರಿ. ನೀವು ಹೇಳ್ರಿ. ಉಳಿತಾನಿಲ್ಲೋ?"

ಅಲ್ಲಿದ್ದವರೆಲ್ಲ ನನ್ನನ್ನು ನೋಡಿದರು. ಮೇಡಂ ಕೂಡ ತಡೆಯಲಿಲ್ಲ. ಜೀವಮಾನದಲ್ಲಿ ಆಡಿದ ಮಾತುಗಳಲ್ಲಿ ಅಷ್ಟು ಭಾರದ್ದು ಇನ್ನೊಂದಿಲ್ಲ.

"ಉಳಿಯಂಗಿಲ್ರಿ ಕಾಕಾರ."

ಅವರು ಅಳಲಿಲ್ಲ. ಬೆಂಚಿನ ಮೇಲೆ ಕೂತು ಟವೆಲನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. ವೀರೇಶ ಆ ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಹೋದ.

ಗುರುವಾರವೇ ಆಗಿದ್ದರೆ ಉಳಿಯುತ್ತಿದ್ದನೇ ಎಂದು ಮೇಡಂ ಅವರನ್ನು ಒಮ್ಮೆ ಕೇಳಿದೆ. "ಉಳಿಯಬಹುದಿತ್ತು, ಉಳಿಯದೆಯೂ ಇರಬಹುದಿತ್ತು, ಖಾತ್ರಿಯಾಗಿ ಹೇಳಲಾರೆ" ಎಂದರು. ಶಿಕ್ಷೆ ಕೊಟ್ಟಿದ್ದರೆ ಹಗುರಾಗುತ್ತಿತ್ತೇನೋ, ಕೊಡಲಿಲ್ಲ. ಬದಲಿಗೆ ಕೆಲಸದ ಕ್ರಮ ಬದಲಾಯಿತು. ಹಳದಿ ಚೀಲದ ಮೇಲೆ ನಾನು ಹಸಿರು ಬಟ್ಟೆ ಹೊದಿಸತೊಡಗಿದೆ. ಸಂಜೆಯ ಅಂಕಿಯನ್ನು ಒಂಟಿಯಾಗಿ ಯಾರಿಗೂ ಹೇಳಬಾರದು, ಮರುದಿನ ಬೆಳಗಿನ ಅಂಕಿಯ ಜೊತೆ ಸೇರಿಸಿ ಡಾಕ್ಟರರೇ ಹೇಳಬೇಕು ಎಂದು ಮೇಡಂ ಬರೆದು ಅಂಟಿಸಿದರು. ಮೊದಲ ಸಲ ಯಂತ್ರ ಹಾಕುವ ಮುಂಚೆಯೇ ಮನೆಯವರನ್ನು ಕೂಡಿಸಿ, ಕಣ್ಣು ಬೆಳ್ಳಗಾದರೂ ಕಾಯಿಲೆ ಹೋಗಿಲ್ಲ ಎಂದು ಅವರ ಭಾಷೆಯಲ್ಲೇ ಹೇಳುವುದು ನನ್ನ ಪಾಲಿನ ಕೆಲಸವಾಯಿತು. ಕನ್ನಡದವರಿಗೆ ಹೇಳುವಾಗ ಪ್ರತಿಸಲ ಅಂಗೈ ಬೆವರುತ್ತಿತ್ತು. ನಿವೃತ್ತಿಯ ದಿನದವರೆಗೂ ಬೆವರಿತು.

ತಿಂಗಳೊಂದು ಕಳೆದಿರಬೇಕು, ನೀಲಾ ಒಬ್ಬಳೇ ಬಂದಳು. ತನ್ನ ಪರೀಕ್ಷೆಗಳ ಫೈಲು ಬೇಕೆಂದು. ಇಷ್ಟೆಲ್ಲ ಸ್ಕ್ಯಾನು ಮಾಡಿಸಿದ್ದೀರಿ, ಮನೆಯಲ್ಲಿರಲಿ ಎಂದು ಅತ್ತೆ ಕಳಿಸಿದ್ದರಂತೆ. ನಾನೇ ಹುಡುಕಿಕೊಟ್ಟೆ. ಅಪ್ಪ ಹೇಗಿದ್ದಾರೆ ಎಂದು ಕೇಳುವ ಮುಖ ನನಗಿರಲಿಲ್ಲ. ಅಂಗಡಿ ತೆರೆದಿದ್ದಾರೆ, ಅತ್ತಿಗೆಗೆ ಏಳು ತಿಂಗಳು ಎಂದು ಅವಳೇ ಹೇಳಿದಳು. ಫೈಲನ್ನು ಚೀಲದಲ್ಲಿಟ್ಟುಕೊಂಡು ಹೊರಟವಳು ನಿಂತಳು.

"ಅಕ್ಕಾರ, ನೀವು ಮನಸಿಗಿ ಹಚ್ಕೋಬ್ಯಾಡ್ರಿ. ಅವತ್ತ ನಾ ಮನಿಗಿ ಹೋಗಿದ್ದು ನೀವು ಹೇಳಿದ್ದಕ್ಕಲ್ರಿ. ನನಗ ಮೊದಲ ಅಂಜಿಕಿ ಬಂದಿತ್ತು. ಯಾರರ ಒಂದು ಮಾತು ಅಂದ್ರ ಸಾಕು, ಎದ್ದು ಹೋಗಬೇಕಂತ ಕುಂತಿದ್ದೆ. ನೀವು ಅನ್ನದಿದ್ರ ಇನ್ಯಾರರ ಅಂತಿದ್ರು."

ಎಷ್ಟು ಮೆತ್ತಗೆ, ಎಷ್ಟು ಪ್ರೀತಿಯಿಂದ ಹೇಳುತ್ತಿದ್ದಳು! ಅವಳಪ್ಪ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಾಗ ಅದೇ ಬೆಂಚಿನ ಹತ್ತಿರ ನಾನು ಮಾತಾಡಿದ್ದೂ ಹೀಗೆಯೇ. ಇದು ಖರೇನೋ, ಇಲ್ಲಾ ನನ್ನ ಸಮಾಧಾನಕ್ಕೆ ಅನ್ನುತ್ತೀಯೋ ಎಂದು ಕೇಳಬೇಕೆನಿಸಿತು. ಬಾಯಿ ತೆರೆದೆ. ಲಿಫ್ಟು ಬಂತು, ಅವಳು ಒಳಗೆ ಹೋಗಿ ನನ್ನ ಕಡೆ ತಿರುಗಿ ನಿಂತಳು. ಬಾಗಿಲು ಮುಚ್ಚಲು ಇನ್ನೂ ಸಮಯವಿತ್ತು, ಕೇಳಬಹುದಿತ್ತು. ಕೇಳಲು ನನಗೆ ಧೈರ್ಯ ಬರಲಿಲ್ಲ.